ಎಡಗಣ್ಣಿನ ಬಾಯಿಪಾಠ

ಆ ಮನೆಯಲ್ಲಿ ಸೌಟು ಕಾಣೆಯಾಗಲು ಶುರುವಾದದ್ದು ಟ್ಯಾಬ್ ಬಂದ ಮೇಲೆ. ಟ್ಯಾಬಿಗೂ ಸೌಟಿಗೂ ಎಲ್ಲಿಯ ನಂಟು ಎಂದು ಯಾರಾದರೂ ಕೇಳಿದ್ದರೆ ಸೊಸೆ ಬಿದ್ದು ಬಿದ್ದು ನಗುತ್ತಿದ್ದಳು. ಆಗಿನ್ನೂ ಅವಳಿಗೆ ನಗು ಬರುತ್ತಿತ್ತು.

ಟ್ಯಾಬ್ ತಂದವನು ಗಂಡ. ಅವನದು ಲಿಫ್ಟ್ ರಿಪೇರಿ ಕೆಲಸ. ಆಫೀಸಿನವರು ಹೊಸದು ತರಿಸಿಕೊಂಡಾಗ ಮೂಲೆ ಒಡೆದ ಹಳೆಯದೊಂದನ್ನು ಇವನ ಕೈಗೆ ದಾಟಿಸಿದ್ದರು. ಒಂದು ಸಂಜೆ ಊಟ ಬಿಟ್ಟು ಕೂತು, ಅದನ್ನು ಹಾಲಿನ ಟಿವಿಗೆ ಜೋಡಿಸಿದ. ಟ್ಯಾಬಿನಲ್ಲಿ ಒತ್ತಿದರೆ ಟಿವಿ ‘ಟಿಂಗ್’ ಎನ್ನುವುದು, ಟ್ಯಾಬಿನಲ್ಲಿ ಇದ್ದದ್ದೆಲ್ಲ ಟಿವಿಯಲ್ಲಿ ದೊಡ್ಡದಾಗಿ ಮೂಡುವುದು. ಮೊದಲು ಬರುವುದು ಟ್ಯಾಬಿನ ಮುಖದ ಮೇಲೆ ಅವನೇ ಹಾಕಿದ್ದ ಫೋಟೋ: ಯೂನಿಫಾರ್ಮ್ ತೊಟ್ಟು, ತಾತನ ಶಾಲಾ ವ್ಯಾನಿನ ಮೆಟ್ಟಿಲ ಮೇಲೆ ನಿಂತು, ಬಿದ್ದ ಹಲ್ಲಿನ ಜಾಗ ತೋರಿಸಿ ನಗುವ ಮಗಳು. ಆಮೇಲೆ ಯಾವ ವಿಡಿಯೋ ಆರಿಸಿದರೆ ಅದು.

ಮಗಳಿಗೆ ಮನೆಯಲ್ಲೂ ಬೀದಿಯಲ್ಲೂ ಪಟಾಕಿ ಎಂದೇ ಹೆಸರು. ಹೊತ್ತಿಸಿದರೆ ಸಾಕು, ನಿಲ್ಲುತ್ತಿರಲಿಲ್ಲ. ಅವಳಿಗೆ ಕಾರ್ಟೂನು, ಅತ್ತೆಗೆ ಹಳೆಯ ಹಾಡು. ಇಬ್ಬರೂ ಟ್ಯಾಬಿಗಾಗಿ ಜುಟ್ಟು ಹಿಡಿದುಕೊಳ್ಳುವುದೊಂದು ಬಾಕಿ. ಮಾವ ಮಾತ್ರ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ.

“ಕಣ್ಣು ಹಾಳಾಗ್ತವೆ ಕಣ್ರೇ, ಆಫ್ ಮಾಡಿ” ಎಂದು ಗದರಿ, ಹೊರಗೆ ಹೋಗಿ ವ್ಯಾನು ಒರೆಸುತ್ತಿದ್ದರು. ಮೂವತ್ತು ವರ್ಷದಿಂದ ಶಾಲೆಯ ಮಕ್ಕಳನ್ನು ಕರೆದೊಯ್ದು ಕರೆತಂದ ಮನುಷ್ಯ. ವ್ಯಾನ್ ತಾತ ಎಂದರೆ ಸುತ್ತಮುತ್ತಲ ತಾಯಂದಿರು ಕಣ್ಣು ಮುಚ್ಚಿಕೊಂಡು ಮಕ್ಕಳನ್ನು ಹತ್ತಿಸುತ್ತಿದ್ದರು.

ಅಂಥವರು ಒಂದು ಸಂಜೆ ಸೊಸೆಯ ಹತ್ತಿರ ಬಂದು, ಕೆಮ್ಮಿ, ಅತ್ತಿತ್ತ ನೋಡಿದರು.

“ನೋಡಮ್ಮ, ಇದನ್ನ ಟಿವಿಗೆ ಹಾಕೋದು ಹೇಗೆ? ನಂಗೂ ಸ್ವಲ್ಪ ತೋರ್ಸು.”

“ಏನು ನೋಡ್ತೀರಾ ಮಾವ?”

“ಎಂಜಿನ್ನು. ಹೊಸ ವ್ಯಾನುಗಳದ್ದು ಬೇರೆ ಥರ ಇರುತ್ತಂತೆ.”

“ಟ್ಯಾಬಲ್ಲೇ ನೋಡಬಹುದಲ್ಲ.”

“ಬೇಡ, ದೊಡ್ಡದಾಗಿ ಬೇಕು. ದೂರ ನಿಂತು ನೋಡ್ಬೇಕು.”

ದೂರ ನಿಂತು ಯಾರಾದರೂ ಎಂಜಿನ್ ನೋಡುತ್ತಾರೆಯೇ? ಅವಳಿಗೆ ಆಗ ಹೊಳೆಯಲಿಲ್ಲ. ಮಾವ ಏನೋ ಕೇಳಿದರಲ್ಲ ಎಂಬ ಖುಷಿಯಲ್ಲಿ ಬೆರಳು ಹಿಡಿದು ಕಲಿಸಿದಳು. ಅವರೂ ಶ್ರದ್ಧೆಯಿಂದ ಕಲಿತರು. ‘ಟಿಂಗ್’ ಎಂದಾಗಲೆಲ್ಲ ತಲೆಯಾಡಿಸಿದರು.

ಸೌಟು ಕಾಣೆಯಾದದ್ದು ಅದಾದ ಮೇಲೆ.

“ನನ್ನ ಸೌಟೆಲ್ಲಿ?” ಎಂದು ಅತ್ತೆ ಅಡುಗೆಮನೆಯಿಂದ ಕೂಗುವುದು, ಅದು ಹಾಲಿನ ಕುರ್ಚಿಯ ಮೇಲೋ ಟಿವಿಯ ಪಕ್ಕವೋ ಸಿಗುವುದು. “ಇದಕ್ಕೇನು ಕಾಲು ಬಂದಿದೆಯಾ? ಏ ಪಟಾಕಿ, ನೀನೇ ಅಲ್ವಾ?”

“ನಾನಲ್ಲ ಅಜ್ಜಿ!”

“ನೀನಲ್ದೆ ನಿಮ್ಮ ತಾತ ತಗೊಂಡ್ರಾ?”

ಮಾವ ಉಣ್ಣುತ್ತಿದ್ದ ತಟ್ಟೆಯಿಂದ ತಲೆ ಎತ್ತಲಿಲ್ಲ.

ಊಟದ ಹೊತ್ತಿನಲ್ಲೇ ಸೊಸೆ ಇನ್ನೊಂದನ್ನೂ ಕಂಡಳು. ಮಾವ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿದರು. ನೀರು ಲೋಟಕ್ಕೆ ಬೀಳದೆ ಪಕ್ಕದಲ್ಲಿ ಬಿತ್ತು. ಲೋಟ ಅವರ ಎಡಗಡೆ ಇತ್ತು. ಅತ್ತೆ ಮಾತಾಡದೆ ಬಟ್ಟೆ ತಂದು ಒರೆಸಿದರು. ಮಾತಿಗೆ ಮೊದಲು ಬೈಗುಳ ಹುಡುಕುವ ಅತ್ತೆ, ಆ ದಿನ ತುಟಿ ಪಿಟಕ್ಕೆನ್ನಲಿಲ್ಲ. ಲೋಟವನ್ನು ಮೆಲ್ಲಗೆ ಬಲಗಡೆಗೆ ಸರಿಸಿಟ್ಟರು.

ಅದೇ ವಾರ ವ್ಯಾನಿನ ಎಡಗಡೆಯ ಕನ್ನಡಿ ಮುರಿದು ನೇತಾಡುತ್ತ ಬಂತು.

“ಯಾವನೋ ಗುದ್ದಿಬಿಟ್ಟ, ಕಣ್ಣು ಕಾಣದವನು” ಎಂದರು ಮಾವ.

ಮರುದಿನದಿಂದ ಅತ್ತೆ ಬೆಳಿಗ್ಗೆಯೂ ಸಂಜೆಯೂ ವ್ಯಾನಿನಲ್ಲಿ ಮುಂದಿನ ಸೀಟಿಗೆ ಹತ್ತಿ ಹೊರಟರು. ಕೇಳಿದರೆ ಶಾಲೆಯ ಹತ್ತಿರದ ಅಂಗಡಿಯಲ್ಲಿ ತರಕಾರಿ ತಾಜಾ ಸಿಗುತ್ತದೆ ಎಂದರು. ತಾಜಾ ತರಕಾರಿ ಮನೆಗೆ ಬಂದದ್ದನ್ನು ಸೊಸೆಯಂತೂ ನೋಡಲಿಲ್ಲ.

“ಚೀಲ ಖಾಲಿ ಇದೆಯಲ್ಲ ಅತ್ತೆ?”

“ಚೆನ್ನಾಗಿರಲಿಲ್ಲ, ತರಲಿಲ್ಲ. ಲೆಕ್ಕ ಕೇಳೋಳು ನೀನ್ಯಾರು?”

ಸೊಸೆಗೂ ಬೇಕರಿಯ ಕೆಲಸಕ್ಕೆ ಹೊತ್ತಾಗಿತ್ತು.

ಒಂದು ಭಾನುವಾರ ಪಟಾಕಿಯ ತಲೆ ಬಾಚುತ್ತಿದ್ದಳು. ಸಿಕ್ಕು ಬಿಡಿಸುವಾಗ ಎಂದಿನಂತೆ ಕಿರುಚದೆ, ಹುಡುಗಿ ತನ್ನಷ್ಟಕ್ಕೆ ಏನೋ ಹಾಡಿಕೊಳ್ಳುತ್ತಿತ್ತು.

“ಟ... ರ, ಗ... ಮ, ಲ, ಬ... ಸ, ಪ, ನ, ಡ...”

“ಇದ್ಯಾವ ಹಾಡೇ? ಸ್ಕೂಲಲ್ಲಿ ಹೇಳಿಕೊಟ್ರಾ?”

“ಊಹೂಂ. ತಾತನ ಹಾಡು. ಟ ದೊಡ್ಡದು, ಆಮೇಲೆ ಸಣ್ಣ ಸಣ್ಣ ಆಗ್ತಾ ಹೋಗುತ್ತೆ. ಟಿವಿಲಿ ಬರುತ್ತೆ. ತಾತ ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಂಡು ಹೇಳ್ತಾರೆ. ಯಾರಿಗೂ ಹೇಳಬಾರದು ಅಂತ ಬಿಸ್ಕತ್ತು ಕೊಟ್ಟಿದಾರೆ.” ಹೇಳಿಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಿತು ಹುಡುಗಿ.

ಬಾಚಣಿಗೆ ನಿಂತಿತು. “ಸುಮ್ನೆ ನಿಂತ್ಕೊಂಡು ಹೇಳ್ತಾರಾ?”

“ಇಲ್ಲಮ್ಮ, ಸೌಟಿಂದ ಕಣ್ಣು ಮುಚ್ಕೊಂಡು.” ಪಟಾಕಿ ಅಂಗೈ ಬಟ್ಟಲು ಮಾಡಿ ಬಲಗಣ್ಣಿಗೆ ಒತ್ತಿಕೊಂಡಳು. “ಹೀಗೆ.”

ಸೊಸೆಗೆ ಹೊಳೆಯಿತು. ಎಂಜಿನ್ನಲ್ಲ, ಅದು ಕಣ್ಣಿನ ಡಾಕ್ಟರ ಗೋಡೆಯ ಮೇಲಿರುವ ಅಕ್ಷರದ ಪಟ. ಶಾಲೆಯವರು ವರ್ಷಕ್ಕೊಮ್ಮೆ ಎಲ್ಲ ಡ್ರೈವರುಗಳ ಕಣ್ಣು ಪರೀಕ್ಷೆ ಮಾಡಿಸುತ್ತಾರೆ, ಅದು ಈ ತಿಂಗಳಲ್ಲೇ ಇದೆ. ಶಾಲೆಯವರು ಕಳಿಸುವ ಡಾಕ್ಟರ ಕೋಣೆಯಲ್ಲಿ ಪ್ರತಿವರ್ಷ ತೂಗುವುದು ಆ ಒಂದೇ ಪಟ. ಮಾವ ಅದನ್ನು ಡಾಕ್ಟರ ಕೋಣೆಯಷ್ಟೇ ದೊಡ್ಡದಾಗಿ, ಅಷ್ಟೇ ದೂರದಲ್ಲಿ ನಿಲ್ಲಿಸಿಕೊಂಡು ಬಾಯಿಪಾಠ ಮಾಡುತ್ತಿದ್ದಾರೆ. ಬಲಗಣ್ಣು ಮುಚ್ಚಿಕೊಂಡು ಎಂದರೆ ಕಲಿಯುತ್ತಿರುವುದು ಎಡಗಣ್ಣಿಗಾಗಿ.

ಲೋಟ, ಕನ್ನಡಿ, ಅತ್ತೆಯ ಖಾಲಿ ಚೀಲ ಎಲ್ಲ ಒಂದರ ಹಿಂದೊಂದು ಬಂದು ಅವಳೆದುರು ನಿಂತವು. ನಾಳೆ ಬೆಳಿಗ್ಗೆ ಇದೇ ಹುಡುಗಿ, ಇದೇ ಜಡೆ ಹಾಕಿಕೊಂಡು, ಆ ವ್ಯಾನು ಹತ್ತಬೇಕು.

ಆದರೂ ಕಣ್ಣಾರೆ ಕಾಣದೆ ಬಾಯಿಬಿಡುವ ಹಾಗಿರಲಿಲ್ಲ. ಬೇಕರಿಯಲ್ಲಿ ತಲೆನೋವೆಂದು ಸುಳ್ಳು ಹೇಳಿ ಒಂದು ಮಧ್ಯಾಹ್ನ ಬೇಗ ಬಂದಳು. ಕಿಟಕಿಯಿಂದ ಇಣುಕಿದಳು. ಟಿವಿಯಲ್ಲಿ ಬೆಳ್ಳಗೆ ಪಟ, ಅಡುಗೆಮನೆ ಬಾಗಿಲಲ್ಲಿ ಮಾವ, ಕಣ್ಣಿಗೆ ಸೌಟು. ಶಾಲೆಯ ಹುಡುಗನ ಹಾಗೆ ನೆಟ್ಟಗೆ ನಿಂತು ಒಪ್ಪಿಸುತ್ತಿದ್ದರು. ಒಂದು ಕಡೆ ತಡವರಿಸಿದರು, ಸೌಟು ತೆಗೆದು ಬಲಗಣ್ಣಲ್ಲಿ ನೋಡಿದರು, ‘ಥತ್’ ಎಂದು ತೊಡೆಗೆ ಹೊಡೆದುಕೊಂಡರು, ಮತ್ತೆ ಮೊದಲಿನಿಂದ ಶುರು ಮಾಡಿದರು. ಬೇರೆ ಯಾರದಾದರೂ ಮನೆಯಲ್ಲಿ ನೋಡಿದ್ದರೆ ನಗುತ್ತಿದ್ದಳು.

ಗಂಡ ಬಂದ ಕೂಡಲೇ ಕೋಣೆಗೆ ಕರೆದು ಬಾಗಿಲು ಹಾಕಿ ಎಲ್ಲ ಹೇಳಿದಳು. ಅವನು ಗ್ರೀಸಿನ ಕೈ ಒರೆಸುತ್ತ ಕೇಳಿಸಿಕೊಂಡ.

“ಸ್ವಲ್ಪ ಮಸುಕಾಗಿರುತ್ತೆ ಅಷ್ಟೆ. ವಯಸ್ಸಲ್ವಾ? ಡ್ರೈವರುಗಳೆಲ್ಲ ಹಾಗೇ ಓದ್ಕೊಂಡು ಹೋಗ್ತಾರೆ.”

“ಸ್ವಲ್ಪ ಮಸುಕಾಗಿದ್ರೆ ಇಷ್ಟು ಕಷ್ಟಪಟ್ಟು ಬಾಯಿಪಾಠ ಮಾಡ್ತಾರೇನ್ರೀ?”

“ಇನ್ನೊಂದು ಕಣ್ಣು ಚೆನ್ನಾಗಿದೆಯಲ್ಲ.”

“ರೀ, ಲಿಫ್ಟಿನ ಹಗ್ಗದಲ್ಲಿ ಒಂದೆಳೆ ಹರಿದ್ರೆ ನಿಲ್ಲಿಸಿ ಬೋರ್ಡು ಹಾಕಿ ಬರೋರು ನೀವು. ಉಳಿದ ಎಳೆ ಚೆನ್ನಾಗಿವೆ, ಹತ್ಕೊಂಡು ಹೋಗಿ ಅಂತೀರಾ?”

ಅವನು ಬಟ್ಟೆಯನ್ನು ನೆಲಕ್ಕೆಸೆದ. “ಅಪ್ಪನಿಗೆ ಆ ವ್ಯಾನು ಬಿಟ್ರೆ ಏನಿದೆ ಹೇಳು? ಕೀಲಿ ಕಿತ್ಕೊಂಡ್ರೆ ತಿಂಗಳಲ್ಲಿ ಹಾಸಿಗೆ ಹಿಡೀತಾರೆ. ಹೋಗಿ ನೀನೇ ಹೇಳು, ಧೈರ್ಯ ಇದ್ರೆ. ನನ್ನ ಕೈಲಾಗಲ್ಲ.”

ಅವಳಿಗೂ ಧೈರ್ಯವಿರಲಿಲ್ಲ. ಮಾವ ಅವಳನ್ನು ಒಂದು ದಿನವೂ ಏರಿದ ದನಿಯಲ್ಲಿ ಮಾತಾಡಿಸಿದವರಲ್ಲ. ಬಾಣಂತನದಲ್ಲಿ ಅತ್ತೆಗೆ ಜ್ವರ ಬಂದಾಗ ಬಿಸಿನೀರು ಕಾಯಿಸಿ ಬಾಗಿಲಿಗೆ ತಂದಿಟ್ಟವರು. ಅವರ ಮುಖ ನೋಡಿ ‘ನಿಮಗೆ ಕಣ್ಣು ಕಾಣಲ್ಲ’ ಎನ್ನಲು ನಾಲಿಗೆ ಏಳಬೇಕಲ್ಲ.

ಅವಳಿಗೆ ತೋಚಿದ್ದೊಂದೇ ದಾರಿ. ಮಾರನೆಯ ಬೆಳಿಗ್ಗೆ ಪಟಾಕಿಗೆ ಮೈ ಬಿಸಿಯಿದೆ ಎಂದಳು. ಮರುದಿನ ಹೊಟ್ಟೆನೋವು. ಆಮೇಲೆ ಕೆಮ್ಮು.

“ನಂಗೇನೂ ಆಗಿಲ್ಲಮ್ಮ!” ಎಂದು ಪಟಾಕಿ ಸಿಡಿಯುತ್ತಿತ್ತು.

“ಸುಮ್ನೆ ಮಲಕ್ಕೋ. ಆಗಿದೆ ಅಂದ್ರೆ ಆಗಿದೆ.”

ಮಾವ ಬಂದು ಮೊಮ್ಮಗಳ ಹಣೆ ಮುಟ್ಟಿ ನೋಡಿದರು. ಸೊಸೆಯನ್ನೂ ಒಮ್ಮೆ ನೋಡಿದರು. ಕೀಲಿ ತೆಗೆದುಕೊಂಡು ಹೊರಟರು. ಅವರ ಹಿಂದೆಯೇ ಅತ್ತೆ ಖಾಲಿ ಚೀಲ ಹಿಡಿದು ಓಡಿದರು.

ಸೊಸೆ ಗೇಟಿನಲ್ಲಿ ನಿಂತಿದ್ದಳು. ಎದುರು ಸಾಲಿನ ದರ್ಜಿ ಹೆಂಗಸು ತನ್ನ ಅವಳಿ ಮಕ್ಕಳನ್ನು ಎರಡು ಕೈಯಲ್ಲಿ ಹಿಡಿದು ಬಂದಳು, ಒಬ್ಬೊಬ್ಬರನ್ನಾಗಿ ಎತ್ತಿ ವ್ಯಾನಿನೊಳಗೆ ಬಿಟ್ಟಳು. ಬಾಯಲ್ಲಿ ಇನ್ನೂ ಹೊಲಿಗೆಯ ದಾರದ ತುಂಡಿತ್ತು.

“ನಿಮ್ಮ ಪಟಾಕಿಗೆ ಹುಷಾರಿಲ್ವಂತೆ? ಪಾಪ. ನೋಡಿ, ನಿಮ್ಮ ಮಾವ ಇರೋದಕ್ಕೆ ನಾನು ನೆಮ್ಮದಿಯಾಗಿ ಮಷಿನ್ ಮುಂದೆ ಕೂರ್ತೀನಿ. ಬೇರೆ ಯಾರ ಕೈಗೂ ಇವುಗಳನ್ನ ಕೊಡ್ತಿರಲಿಲ್ಲ.”

“ಹೌದಲ್ವಾ” ಎಂದಳು ಸೊಸೆ. ಕಿಟಕಿಯಿಂದ ಅವಳಿಗಳು ಕೈ ಬೀಸಿದವು. ತನ್ನ ಮಗುವನ್ನು ಒಳಗೆ ಮಲಗಿಸಿ ಇನ್ನೊಬ್ಬಳ ಮಕ್ಕಳಿಗೆ ಕೈ ಬೀಸುತ್ತಿದ್ದೇನೆ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆ ದಿನಗಳಲ್ಲಿ ಅವಳು ಉಂಡದ್ದು ಮೈಗೆ ಹತ್ತಲಿಲ್ಲ. ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನಿಂದ ಹೆಸರು ಬರೆಯುವುದು ಅವಳ ಕೆಲಸ. ಹೊರಗೆ ಬ್ರೇಕಿನ ಸದ್ದಾದರೆ ಸಾಕು, ಕೈ ಅಲುಗಿ ಅಕ್ಷರ ಸೊಟ್ಟಗಾಗುತ್ತಿತ್ತು.

“ಯಾರ ಹುಟ್ಟುಹಬ್ಬಕ್ಕಮ್ಮ ಇದು? ಹಾವಿನದಾ?” ಎಂದು ಮಾಲೀಕ ರೇಗಿದ.

ಸಂಜೆ ಮನೆ ಸೇರಿದ ಮೇಲೂ ವ್ಯಾನಿನ ಸದ್ದು ಕೇಳುವವರೆಗೆ ಅವಳ ಜೀವ ಕೈಯಲ್ಲಿರುತ್ತಿತ್ತು. ಒಂದು ದಿನ ವ್ಯಾನು ತಡವಾಗಿ ಬಂತು. ಇಳಿದ ಅತ್ತೆಯ ಮುಖ ಸುಣ್ಣ ಬಳಿದಂತಿತ್ತು. ನೇರ ಒಳಗೆ ಹೋಗಿ ಒಲೆ ಹಚ್ಚಿದರು, ಪಾತ್ರೆ ಇಡುವುದನ್ನೇ ಮರೆತು ನಿಂತರು.

“ಏನಾಯ್ತು ಅತ್ತೆ?”

“ಏನೂ ಇಲ್ಲ. ಬಿಸಿಲು.”

ಹೊರಗೆ ಮೋಡ ಕವಿದಿತ್ತು.

ಪರೀಕ್ಷೆಯ ದಿನ ಮಾವ ಇಸ್ತ್ರಿ ಹಾಕಿದ ಶರ್ಟು ತೊಟ್ಟು ಹೋದರು. ಫೇಲಾಗಲಿ, ದೇವರೇ, ಫೇಲಾಗಲಿ ಎಂದುಕೊಳ್ಳುತ್ತ ಸೊಸೆ ಮನೆಯೆಲ್ಲ ಗುಡಿಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಡಾಕ್ಟರ ಬಾಯಿಂದ ಬಂದರೆ ತಾನು ಹೇಳುವುದು ತಪ್ಪುತ್ತದೆ ಎಂಬ ಆಸೆ ಅವಳಿಗೆ.

ಸಂಜೆ ಮಾವ ಬಂದದ್ದು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು.

“ಪಾಸು!” ಎಂದರು ಬಾಗಿಲಲ್ಲೇ. “ಈ ವಯಸ್ಸಲ್ಲಿ ಇಂಥ ಕಣ್ಣಾ ಅಂತ ಡಾಕ್ಟರು ಬೆರಗಾಗಿಹೋದ್ರು. ಕೊನೇ ಸಾಲು ಸಹ ಬಿಡದೆ ಓದ್ದೆ.”

ಗಂಡ ಹೆಂಡತಿಯತ್ತ ಗೆದ್ದವನ ಹಾಗೆ ನೋಡಿದ. ಪಟಾಕಿ ಎರಡು ಹಣ್ಣು ಕಿತ್ತುಕೊಂಡಿತು. ಅತ್ತೆ ಮಾತ್ರ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

“ನಾಳೆಯಿಂದ ನಮ್ಮ ಪಟಾಕಿಯೂ ಬರ್ತಾಳೆ. ಕೆಮ್ಮು ಸಾಕು” ಎಂದರು ಮಾವ. ಸೊಸೆಯ ಕಡೆ ತಿರುಗದೆಯೇ ಹೇಳಿದರು.

ಸೊಸೆಗೆ ಇನ್ನು ದಾರಿ ಉಳಿದಿರಲಿಲ್ಲ. ಬೇರೆ ಅಕ್ಷರಗಳ ಇನ್ನೊಂದು ಪಟವನ್ನು ಅವಳು ಮೊದಲೇ ಟ್ಯಾಬಿನಲ್ಲಿ ಹುಡುಕಿಟ್ಟಿದ್ದಳು, ಬೇಕಾಗದಿರಲಿ ಎಂದು ಬೇಡಿಕೊಂಡೇ ಹುಡುಕಿದ್ದಳು. ಈಗ ಟ್ಯಾಬನ್ನು ಕೈಗೆತ್ತಿಕೊಂಡಳು.

“ಮಾವ, ನಮಗೂ ಒಂದ್ಸಲ ಓದಿ ತೋರಿಸಿ. ಟಿವಿಗೆ ಹಾಕ್ತೀನಿ.”

“ಏ, ಏನಿದು ನಿಂದು?” ಎಂದ ಗಂಡ, ಹಲ್ಲು ಕಚ್ಚಿ.

ಮಾವ ಆಗೊಲ್ಲ ಎನ್ನಬಹುದಿತ್ತು. ಆದರೆ ಈಗಷ್ಟೇ ಪಾಸಾಗಿ ಬಂದವರು, ಮಗನೆದುರು, ಮೊಮ್ಮಗಳೆದುರು ಹೇಗೆ ಹಿಂಜರಿದಾರು? “ಹಾಕಮ್ಮ” ಎಂದರು. ತಾವೇ ಹೋಗಿ ಸೌಟು ತಂದು, ಅಡುಗೆಮನೆ ಬಾಗಿಲಲ್ಲಿ, ದಿನವೂ ನಿಲ್ಲುವ ಜಾಗದಲ್ಲೇ ನಿಂತು, ಬಲಗಣ್ಣಿಗೆ ಒತ್ತಿಕೊಂಡರು. ಪಟಾಕಿ ಚಪ್ಪಾಳೆ ತಟ್ಟಿತು.

ಟಿವಿ ‘ಟಿಂಗ್’ ಎಂದಿತು.

ಟಿವಿಯ ಮೇಲೆ ಬಂದದ್ದು ಟ್ಯಾಬಿನ ಮುಖದ ಫೋಟೋ. ಯೂನಿಫಾರ್ಮು, ವ್ಯಾನಿನ ಮೆಟ್ಟಿಲು, ಹಲ್ಲಿಲ್ಲದ ನಗು. ಸೊಸೆ ಇನ್ನೂ ಪಟವನ್ನು ತೆರೆದಿರಲಿಲ್ಲ, ಬೆರಳು ಎತ್ತಿದ್ದಳಷ್ಟೆ.

“ಟ” ಎಂದರು ಮಾವ, ಗಟ್ಟಿಯಾಗಿ. “ರ, ಗ. ಮ, ಲ, ಬ.”

ಅವಳ ಬೆರಳು ಅಲ್ಲೇ ನಿಂತಿತು. ಗಂಡ ಒಮ್ಮೆ ಟಿವಿ ನೋಡಿದ, ಒಮ್ಮೆ ಅಪ್ಪನನ್ನು ನೋಡಿದ.

“ಸ, ಪ, ನ, ಡ.” ಮಾವ ಒಂದೊಂದೇ ಸಾಲು ಇಳಿಯುತ್ತಿದ್ದರು. ಎಲ್ಲೂ ತಡವರಿಸಲಿಲ್ಲ. ಇಷ್ಟು ಚೆನ್ನಾಗಿ ಅವರು ಎಂದೂ ಒಪ್ಪಿಸಿರಲಿಲ್ಲ. ಎದುರಿಗೆ ಗೋಡೆಯಗಲಕ್ಕೆ ಮೊಮ್ಮಗಳು ನಗುತ್ತಿದ್ದಳು, ತಾತ ಅವಳ ಮುಖದ ಮೇಲೆ ಕಣ್ಣು ನೆಟ್ಟು ಅಕ್ಷರ ಓದುತ್ತಿದ್ದರು. ಸೊಸೆಗೆ ಕೂಗಿ ನಿಲ್ಲಿಸಬೇಕೆನಿಸಿತು.

“ತಾತಾ, ಅಕ್ಷರ ಇನ್ನೂ ಬಂದೇ ಇಲ್ಲ” ಎಂದಿತು ಪಟಾಕಿ. “ಅದು ನಾನು.”

ಮಾವ ನಿಂತರು.

“ಎಲ್ಲಿ?”

“ಟಿವಿಲಿ! ವ್ಯಾನಿನ ಮೆಟ್ಟಿಲ ಮೇಲೆ ನಿಂತಿದೀನಲ್ಲ.”

ಅವರು ಸೌಟು ತೆಗೆಯಲಿಲ್ಲ. ಹಾಗೇ, ಬಲಗಣ್ಣು ಮುಚ್ಚಿಕೊಂಡೇ, ಟಿವಿಯ ಕಡೆ ನಡೆದರು. ಮಂಡಿ ಕುರ್ಚಿಗೆ ತಾಗಿತು, ಸುತ್ತಿಕೊಂಡು ಬಂದರು. “ಅಪ್ಪಾ, ಸಾಕು” ಎಂದ ಮಗ. ಅವರು ಕೇಳಿಸಿಕೊಳ್ಳಲಿಲ್ಲ. ಮೂಗು ಗಾಜಿಗೆ ತಗಲುವಷ್ಟು ಹತ್ತಿರ ಹೋದರು, ಒಂದು ಕೈಯಿಂದ ಪರದೆಯನ್ನು ಮೆಲ್ಲಗೆ ಸವರಿದರು.

“ಬೆಳಕಿದೆ” ಎಂದರು. ಇನ್ನೊಮ್ಮೆ ಸವರಿ, “ಅವಳಿಲ್ಲ” ಎಂದರು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಎರಡೂ ಕೈ ಬಾಯಿಗೊತ್ತಿಕೊಂಡು ನಿಂತಿದ್ದರು. ಕೈ ತೆಗೆದದ್ದೇ ತಡ, ಮಾತೆಲ್ಲ ಒಟ್ಟಿಗೆ ನುಗ್ಗಿತು.

“ಒಳಗಿನ ನರ ಒಣಗಿಹೋಗಿದೆಯಂತೆ. ಆಪರೇಷನ್ ಮಾಡಿದ್ರೂ ಬರಲ್ವಂತೆ. ಯಾರಿಗೂ ಹೇಳಬೇಡ ಅಂತ ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಹಾಕಿದ್ರು. ನಾನೇನು ಮಾಡ್ಲಿ? ದಿನಾ ಎಡಗಡೆ ಕೂತ್ಕೊಂಡು ನಾನೇ ಹೇಳ್ತಿದ್ದೆ. ಸೈಕಲ್ಲು ಬಂತು, ನಾಯಿ ಬಂತು, ಮಗು ಇಳೀತಿದೆ ತಾಳಿ ಅಂತ. ಆವತ್ತು ನಾನು ಕೂಗೋದು ಒಂದು ಚೂರು ತಡವಾಯ್ತು. ಚಕ್ರದ ಪಕ್ಕದಲ್ಲೇ ಇತ್ತು ಮಗು. ಕಾಲ್ಚೀಲಕ್ಕೆ ಮಣ್ಣು ಹತ್ತಿತ್ತು.”

“ಯಾರ ಮಗು ಅತ್ತೆ?” ಎಂದಳು ಸೊಸೆ. ಅವಳಿಗೆ ಗೊತ್ತಿತ್ತು.

“ದರ್ಜಿಯದು. ಅವಳಿಗಳಲ್ಲಿ ಸಣ್ಣದು.” ಅತ್ತೆ ಅವಳನ್ನೇ ನೋಡಿದರು. “ನಿನ್ನ ಮಗಳನ್ನ ನೀನು ಮನೇಲಿ ಇಟ್ಕೊಂಡಿದ್ದೆಯಲ್ಲ, ಆಗ.”

ಸೊಸೆ ಗೋಡೆಗೆ ಒರಗಿದಳು. ತಿಳಿದೂ ಸುಮ್ಮನಿದ್ದದ್ದು ಮಾವ ಒಬ್ಬರೇ ಅಲ್ಲ. ಅತ್ತೆಗೆ ಗೊತ್ತಿತ್ತು, ಗಂಡನಿಗೆ ಗೊತ್ತಿತ್ತು, ತನಗೂ ಗೊತ್ತಿತ್ತು. ಗೊತ್ತಿಲ್ಲದವಳು ದರ್ಜಿ ಒಬ್ಬಳೇ.

ಮಾವ ಸೌಟು ಇಳಿಸಿದರು. ಪರದೆಯ ಮೇಲಿನ ಮೊಮ್ಮಗಳನ್ನು ಬಲಗಣ್ಣಿಂದ ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ವ್ಯಾನಿನ ಕೀಲಿ ತೆಗೆದು ಚಾಚಿದರು.

“ತಗೋಮ್ಮ.”

ಅವರ ಕೈ ಕಿಟಕಿಯ ಕಡೆಗಿತ್ತು. ಸೊಸೆ ನಿಂತದ್ದು ಅವರ ಎಡಗಡೆ.

“ಇಲ್ಲಿದೀನಿ ಮಾವ” ಎಂದು ಅವರ ಬಲಕ್ಕೆ ಬಂದು ಕೈಯೊಡ್ಡಿದಳು. ಕೀಲಿ ಅವಳ ಅಂಗೈಗೆ ಬಿತ್ತು. ಗಂಡ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ, ಭುಜಗಳು ಕುಲುಕುತ್ತಿದ್ದವು.

“ನಾಳೆ ವ್ಯಾನು ಯಾರು ಓಡಿಸ್ತಾರೆ ತಾತ?” ಎಂದಿತು ಪಟಾಕಿ.

“ದರ್ಜಿ ಮನೆಗೆ ಹೋಗಿಬರ್ತೀನಿ. ನಾನೇ ಹೇಳಬೇಕು” ಎಂದು ಮಾವ ಚಪ್ಪಲಿ ಹುಡುಕಿ ಮೆಟ್ಟಿದರು. ಹೊಸ್ತಿಲು ದಾಟುವಾಗ ಅವರ ಎಡಭುಜ ಬಾಗಿಲಿನ ಚೌಕಟ್ಟಿಗೆ ಬಡಿಯಿತು, ಹುಟ್ಟಿ ಬೆಳೆದ ಮನೆಯ ಬಾಗಿಲಿಗೆ. ಇಷ್ಟು ದಿನ ಕಾಣದವರ ಹಾಗೆ ಇದ್ದವರೆಲ್ಲ ಈ ಸಲ ಕಣ್ಣುಬಿಟ್ಟು ನೋಡಿದರು.

“ತಾಳ್ರೀ, ನಾನೂ ಬರ್ತೀನಿ” ಎಂದು ಅತ್ತೆ ಓಡಿಹೋಗಿ ಅವರ ಎಡಕ್ಕೆ ನಿಂತರು.